ಒಂದೂವರೆ ದಿನದ ಮಟ್ಟಿಗೆ ಅಧಿಕಾರ ಹಸ್ತಾಂತರ

ಸರ್ವಜ್ಞನಗರ ಕ್ಷೇತ್ರದ ಕಮ್ಮನಹಳ್ಳಿಯಲ್ಲಿರುವ ನಮ್ಮ ಅಪಾರ್ಟ್‌ಮೆಂಟ್ ನಿವಾಸಿಗಳ ಸಂಘದ ಸಮಸ್ತ ಸದಸ್ಯರಿಗೆ ಅಧ್ಯಕ್ಷನ ನಮಸ್ಕಾರಗಳು.

ಬರುವ ಶುಕ್ರವಾರ ಬೆಳಿಗ್ಗೆ ನನಗೆ ಕೊಲೊನೋಸ್ಕೋಪಿ. ಒಂದೂವರೆ ಮೀಟರ್ ಉದ್ದದ ದೊಡ್ಡಕರುಳಿನೊಳಗೆ ಕ್ಯಾಮೆರಾ ಇರುವ ಕೊಳವೆ ಬಿಟ್ಟು ನೋಡುತ್ತಾರೆ. ಯಾವ ದಾರಿಯಿಂದ ಎಂಬ ಪ್ರಶ್ನೆಯನ್ನು ಸಭೆಯಲ್ಲಿ ಎತ್ತುವಂತಿಲ್ಲ. ಮಂಪರಿನ ಇಂಜೆಕ್ಷನ್ ಕೊಡುವುದರಿಂದ ಆ ಹೊತ್ತಿಗೆ ನನಗೆ ಪ್ರಜ್ಞೆ ಇರುವುದಿಲ್ಲ. ಮಹಾಸಭೆಯಲ್ಲೂ ಇರಲಿಲ್ಲ ಎಂದು ಖಜಾಂಚಿಯವರು ಹೇಳುತ್ತಾರೆ, ಹೇಳಲಿ.

ಆ ಹೊತ್ತಿಗೆ ಅಧಿಕಾರ ಬಿಟ್ಟುಕೊಡುವುದಕ್ಕೆ ಮೇಲ್ಪಂಕ್ತಿ ಇದೆ. ಜಾರ್ಜ್ ಡಬ್ಲ್ಯು. ಬುಷ್ 2002ರಲ್ಲಿ, ಮತ್ತೆ 2007ರಲ್ಲಿ, ಇದೇ ತಪಾಸಣೆಗೆ ಮಲಗುವ ಮುನ್ನ ಅಮೆರಿಕವನ್ನು ಡಿಕ್ ಚೇನಿಯವರ ಕೈಗೊಪ್ಪಿಸಿದ್ದರು. 2021ರ ನವೆಂಬರ್ 19ರಂದು ಬೈಡನ್ ಮಲಗಿದಾಗ ಕಮಲಾ ಹ್ಯಾರಿಸ್ 85 ನಿಮಿಷ ಅಧ್ಯಕ್ಷರ ಅಧಿಕಾರ ನಡೆಸಿದರು. ಎದ್ದ ಮೇಲೆ ಇಬ್ಬರಿಗೂ ಕುರ್ಚಿ ವಾಪಸ್ ಸಿಕ್ಕಿತು. ಕರ್ನಾಟಕದಲ್ಲಿ ಬಿಟ್ಟುಕೊಟ್ಟ ಕುರ್ಚಿಗೆ ಆ ಖಾತ್ರಿ ಇಲ್ಲದ್ದರಿಂದ ನಾನು ಬರವಣಿಗೆಯಲ್ಲೇ ಕೊಡುತ್ತಿದ್ದೇನೆ.

ಉಪಾಧ್ಯಕ್ಷೆಯವರೇ, ಸಂಘದ ಸೀಲು, ಟ್ಯಾಂಕರ್‌ನವನ ನಂಬರು, ಸಂಪಿನ ಬೀಗದ ಕೈ ಎಲ್ಲ ನಿಮ್ಮ ವಶಕ್ಕೆ. ತುರ್ತು ಆದೇಶ ಒಂದೇ: ಗುರುವಾರ ಸಂಜೆಯಿಂದ ಓವರ್‌ಹೆಡ್ ಟ್ಯಾಂಕ್ ತುಂಬಿರಲೇಬೇಕು. ಕರುಳು ತೊಳೆಯುವ ಪುಡಿಯನ್ನು ನಾನು ಎರಡು ಲೀಟರ್ ನೀರಿಗೆ ಕದಡಿ ಅರ್ಧ ಸಂಜೆ, ಇನ್ನರ್ಧ ಬೆಳಗಿನ ಜಾವ, ಕಾಲು ಗಂಟೆಗೊಂದು ಲೋಟದಂತೆ ಕುಡಿಯಬೇಕು. ಉಪ್ಪುಪ್ಪಾಗಿ, ನಿಂಬೆಹಣ್ಣನ್ನು ದೂರದಿಂದ ತೋರಿಸಿದಂತಿರುತ್ತದೆ. ಫ್ರಿಜ್ಜಿನಲ್ಲಿಟ್ಟು ತಣ್ಣಗೆ ಮಾಡಿದರೆ ಹೇಗೋ ಇಳಿಯುತ್ತದೆ. ಆಮೇಲಿನದ್ದು ನನಗೂ ಕಮೋಡಿಗೂ ಬಿಟ್ಟ ವಿಚಾರ. ತಿಳಿಹಳದಿ ನೀರು ಹೋಗುವವರೆಗೂ ಕಲಾಪ ಮುಂದುವರಿಯುತ್ತದೆ.

ಬುಧವಾರದೊಳಗೇ ಮುದ್ದೆ, ಸೊಪ್ಪು, ಸೀಬೆಹಣ್ಣು, ಬೀಜದ ತರಕಾರಿ ಬಂದ್. ಬಿಳಿ ಅನ್ನ, ಮೊಸರು ಮಾತ್ರ. ಗುರುವಾರ ಎಳನೀರು, ಸೋಸಿದ ತಿಳಿಸಾರು, ಹಾಲಿಲ್ಲದ ಟೀ. ಬೀಟ್‌ರೂಟ್, ಕಪ್ಪು ದ್ರಾಕ್ಷಿ ರಸ ಕೂಡದು. ಒಳಗೆ ರಕ್ತದಂತೆ ಕಾಣುತ್ತದೆ. ಮೇನ್ ರೋಡಿನ ಕಬಾಬಿನ ಹೊಗೆಯನ್ನು ತಡೆಯುವ ಅಧಿಕಾರ ನಮಗಿಲ್ಲ, ಆದರೆ ಅಂದು ಟೆರೇಸಿನಲ್ಲಿ ಬಿರಿಯಾನಿ ಪಾರ್ಟಿಗೆ ಅನುಮತಿ ಕೊಡಬೇಡಿ.

ಹರಳೆಣ್ಣೆ ಕುಡಿದರೆ ಸಾಕು ಎಂದು ಮೂರನೇ ಮಹಡಿಯ ರಾಯರು ಸಲಹೆ ನೀಡಿದ್ದಾರೆ. ನಡಾವಳಿ ಪುಸ್ತಕದಲ್ಲಿ ದಾಖಲಿಸಿದ್ದೇನೆ, ಕರುಳಿಗೆ ತಲುಪಿಸಿಲ್ಲ. ರಕ್ತ ತೆಳುವಾಗಿಸುವ ಮಾತ್ರೆ, ಶುಗರ್ ಮಾತ್ರೆಗಳನ್ನೂ ರಾಯರನ್ನು ಕೇಳಿ ನಿಲ್ಲಿಸುವುದಲ್ಲ, ಡಾಕ್ಟರನ್ನು ಕೇಳಬೇಕು. ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿ, ಹೊಟ್ಟೆಯಲ್ಲಿ ಏನೇ ಆದರೂ ಗ್ಯಾಸ್ಟ್ರಿಕ್ ಎಂದು ವರ್ಷಗಟ್ಟಲೆ ತಳ್ಳುವ ಸದಸ್ಯರು ನಮ್ಮಲ್ಲಿ ಬಹಳ. ಸರ್ಕಾರದ ಕ್ಯಾನ್ಸರ್ ತಪಾಸಣಾ ಪಟ್ಟಿಯಲ್ಲಿರುವುದು ಬಾಯಿ, ಸ್ತನ, ಗರ್ಭಕೊರಳು. ಕರುಳಿನ ವಿಚಾರ ಕೇಳಲು ಯಾರೂ ಮನೆ ಬಾಗಿಲಿಗೆ ಬರುವುದಿಲ್ಲ.

ಹಿಂಬದಿ ತೆರೆದ ಗೌನು ತೊಡಿಸಿ ಎಡಮಗ್ಗುಲಿಗೆ ಮಲಗಿಸುತ್ತಾರೆ. ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಮುಂದೆ ಕ್ಯಾನ್ಸರ್ ಆಗಬಹುದಾದ ಗಂಟು ಸಿಕ್ಕರೆ ತಂತಿಯ ಕುಣಿಕೆ ಹಾಕಿ ಅಲ್ಲೇ ಕತ್ತರಿಸುತ್ತಾರೆ, ನೋವಾಗುವುದಿಲ್ಲ. ಒಳಗೆ ತುಂಬಿದ ಗಾಳಿ ಹೊರಬೀಳಬೇಕಲ್ಲ, ಐದು ವರ್ಷದ ಹಿಂದೆ ಇದೇ ತಪಾಸಣೆಯಾದಾಗ ನರ್ಸ್ ವಾರ್ಡಿಗೆಲ್ಲ ಕೇಳುವಂತೆ “ಗ್ಯಾಸ್ ಹೋಯ್ತಾ ಸಾರ್?” ಎಂದಿದ್ದರು. ನನ್ನ ಅಧಿಕಾರಾವಧಿಯಲ್ಲಿ ಇಷ್ಟು ಕಾಳಜಿಯಿಂದ ಯಾರೂ ವಿಚಾರಿಸಿದ್ದಿಲ್ಲ.

ಮಂಪರು ಇಳಿದ ಮೇಲೂ 24 ಗಂಟೆ ಗಾಡಿ ಓಡಿಸುವಂತಿಲ್ಲ, ಮುಖ್ಯ ಕಾಗದಗಳಿಗೆ ಸಹಿ ಹಾಕುವಂತಿಲ್ಲ. ಪೇಂಟಿಂಗ್ ಗುತ್ತಿಗೆದಾರ ದಯವಿಟ್ಟು ಆಸ್ಪತ್ರೆಗೆ ಬಿಲ್ ತರಬಾರದು. ಸೀಲನ್ನು ಶನಿವಾರ ಸಂಜೆ ವಾಪಸ್ ಪಡೆಯುತ್ತೇನೆ. ಅಷ್ಟರೊಳಗೆ ಉಪಾಧ್ಯಕ್ಷೆಯವರು ಪಾರ್ಕಿಂಗ್ ತಕರಾರನ್ನು ಬಗೆಹರಿಸಿಬಿಡಬಾರದು. ಬರುವ ಚುನಾವಣೆಗೆ ನನ್ನ ಬಳಿ ಉಳಿದಿರುವುದು ಅದೊಂದೇ.