ಚಾಣಕ್ಯನ ಜುಟ್ಟು

ಕೌಟಿಲ್ಯನ ಅರ್ಥಶಾಸ್ತ್ರದ ಹೊಸ ಮುದ್ರಣಕ್ಕೆ ಮುಖಚಿತ್ರವನ್ನು ಬರೆದುಕೊಡಬೇಕೆಂದು ಪ್ರಕಾಶಕಮಿತ್ರರೊಬ್ಬರು ನನಗೆ ಅಪ್ಪಣೆ ಕೊಡಿಸುವ ವೇಳೆಗೆ, ಆ ಚಿತ್ರವು ಎಂತಿರತಕ್ಕದ್ದೆಂಬುದನ್ನು ತಾವೇ ನಿಶ್ಚಯಿಸಿ ಮುಗಿಸಿದ್ದರು: ಕೆಂಡದಂಥ ಕಣ್ಣು, ಕಚ್ಚಿದ ತುಟಿ, ಎತ್ತಿದ ತೋರುಬೆರಳು, ಬೆನ್ನಮೇಲೆ ಬಿಚ್ಚಿ ಹರಡಿದ ಜುಟ್ಟು. “ಜುಟ್ಟು ಮಾತ್ರ ಧಾರಾಳವಾಗಿರಲಿ ಸ್ವಾಮಿ, ಪುಸ್ತಕ ಬಿಕರಿಯಾಗುವುದು ಅದರಿಂದಲೇ” ಎಂದರು.

ಆ ಜುಟ್ಟು ವಿಶಾಖದತ್ತನ ಮುದ್ರಾರಾಕ್ಷಸ ನಾಟಕದ ಸ್ವತ್ತು. ಅರ್ಥಶಾಸ್ತ್ರದ ಕೊನೆಯಲ್ಲಿ ನಂದರ ಹೆಸರು ಉಂಟು, ಕೇಶದ ಸುದ್ದಿಯಿಲ್ಲ. 15 ಅಧಿಕರಣ, 150 ಅಧ್ಯಾಯಗಳ ಉದ್ದಕ್ಕೂ ತಕ್ಕಡಿಯ ತೂಕ, ಉಪ್ಪಿನ ಸುಂಕ, ಆನೆಯ ಮೇವು, ಕಡೆಗೆ ಹೆಂಡದಂಗಡಿಯಲ್ಲಿ ಗಿರಾಕಿಗಳಿಗೆ ಒದಗಿಸಬೇಕಾದ ಹಾಸಿಗೆ, ಆಸನ, ಹೂಮಾಲೆಗಳವರೆಗೆ ವಿಧಿಸುತ್ತ ಹೋಗುವ ಈ ಮಹನೀಯನಿಗೆ ಕೋಪಿಸಿಕೊಳ್ಳಲು ಬಿಡುವಾದರೂ ಎಲ್ಲಿತ್ತು? ಅಧಿಕಾರಿಗಳು ಬೊಕ್ಕಸವನ್ನು ನುಂಗುವ 40 ಉಪಾಯಗಳನ್ನು ಒಂದೊಂದಾಗಿ ಎಣಿಸಿಟ್ಟ ತಾಳ್ಮೆ ಮುಂಗೋಪಿಯದಲ್ಲ, ನುರಿತ ಲೆಕ್ಕಪರಿಶೋಧಕನದು.

ಆದುದರಿಂದ ನಾನು ಮೊದಲು ಬರೆದುಕೊಟ್ಟದ್ದು ತಾಪಸವೇಷದ ಗೂಢಚಾರನನ್ನು: ಊರ ಹೊರಗೆ ಶಿಷ್ಯಸಮೇತನಾಗಿ ಬೀಡುಬಿಟ್ಟು, ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ಹಿಡಿಸೊಪ್ಪನ್ನು ಜನರ ಕಣ್ಣೆದುರಿಗೆ ಸೇವಿಸಿ, ಮರೆಯಲ್ಲಿ ಇಷ್ಟಭೋಜನವನ್ನು ಸವಿಯಬೇಕೆಂದು ಗ್ರಂಥವೇ ಆತನಿಗೆ ಕಟ್ಟುಮಾಡಿದೆ. ಚಿತ್ರವನ್ನು ಬಹುಹೊತ್ತು ನೋಡಿದ ಮಿತ್ರರು, “ನಮ್ಮ ಗ್ರಾಹಕರಲ್ಲಿ ಮಠಗಳೂ ಉಂಟಲ್ಲ” ಎಂದು ನಿಟ್ಟುಸಿರಿಟ್ಟರು. ಗುಟ್ಟಾಗಿ ನೀರು ಕುಡಿಯುವ ಮೀನಿನ ಪ್ರಸಿದ್ಧವಾದ ಉಪಮೆಯನ್ನು ನೆನೆದು ಒಂದು ಮೀನನ್ನು ಬರೆದೆ. ಅದು ಪಾಕಶಾಸ್ತ್ರದ ಪುಸ್ತಕವೆನಿಸೀತೆಂದು ಹಿಂದಿರುಗಿತು.

ಬಿಚ್ಚಿದ್ದೇ ಬೇಕೆಂದಾದರೆ ಓಲೆಗರಿಯ ಕಟ್ಟೊಂದನ್ನು ಬಿಚ್ಚಿದಂತೆ ಬರೆಯೋಣವೆಂದೆ. ತಂಜಾವೂರು ಸೀಮೆಯ ಪಂಡಿತರೊಬ್ಬರು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಒಪ್ಪಿಸಿದ ಅಂಥದೊಂದು ಕಟ್ಟಿನಲ್ಲಿ, ಶತಮಾನಗಳಿಂದ ಹೆಸರಷ್ಟೇ ಕೇಳಿಬರುತ್ತಿದ್ದ ಈ ಗ್ರಂಥವನ್ನು 1905ರಲ್ಲಿ ಗುರುತಿಸಿ, 1909ರಲ್ಲಿ ಅಚ್ಚಿಗೆ ತಂದವರು ಆರ್. ಶಾಮಶಾಸ್ತ್ರಿಗಳು, ಅವರಿಲ್ಲದಿದ್ದರೆ ನಮಗೆ ಹೊದಿಕೆ ಹಾಕಲು ಪುಸ್ತಕವೇ ಇರುತ್ತಿರಲಿಲ್ಲ. ಮಿತ್ರರು ಭಕ್ತಿಯಿಂದ ಕೇಳಿ, “ಶಾಸ್ತ್ರಿಗಳಿಗೆ ಜುಟ್ಟಿತ್ತೆ?” ಎಂದು ವಿಚಾರಿಸಿದರು.

ಅಚ್ಚಾದದ್ದು ಜುಟ್ಟೇ; ಮೂರು ಬಣ್ಣಗಳಲ್ಲಿ. ಸಂಭಾವನೆಯೂ ಸಂದಿತಾಗಿ ನನ್ನದೇನೂ ತಕರಾರಿಲ್ಲ. ವಾಚಕಮಹಾಶಯರು ಮಾತ್ರ ಮುಖಪುಟದಲ್ಲಿ ತಡೆಯದೆ ನೇರವಾಗಿ ಎರಡನೆಯ ಅಧಿಕರಣಕ್ಕೆ ದಯಮಾಡಿಸಬೇಕು. ಆ 40 ಉಪಾಯಗಳು ಅದರ ಎಂಟನೆಯ ಅಧ್ಯಾಯದಲ್ಲಿವೆ.