ಎಂಜಲು ಹೊಗೆ ಮತ್ತು ನಮ್ಮ ಭಾವ

ಭಾನುವಾರ ಬೆಳಿಗ್ಗೆ ಏಳೂವರೆಗೆ ಫೋನು ಹೊಡೆದುಕೊಂಡರೆ ಅದು ನಮ್ಮ ಭಾವನದೇ. ‘ಏನಯ್ಯಾ, ಎದ್ದಿದೀಯಾ? ಟಾರ್ಚಿಗೆ ಹೊಸ ಸೆಲ್ ಹಾಕ್ಕೊಂಡು ಬಾ.’

ಹೋಗುವಷ್ಟರಲ್ಲಿ ಬಾನೆಟ್ ಎತ್ತಿರುತ್ತದೆ. ತೂತುಬಿದ್ದ ಬನಿಯನ್ನು, ಮೊಣಕಾಲ ಮೇಲಕ್ಕೆ ಕಟ್ಟಿದ ಲುಂಗಿ, ಹೆಗಲಿಗೆ ಹಳೇ ಪಂಚೆಯ ತುಂಡು. ಬ್ಯಾಂಕಿನಲ್ಲಿ ಮೂವತ್ತು ವರ್ಷ ಬೇರೆಯವರ ಲೆಕ್ಕ ತಪಾಸಣೆ ಮಾಡಿದವರು ನಿವೃತ್ತಿಯ ಮೇಲೆ ಎಂಜಿನ್ನಿನ ತಪಾಸಣೆಗೆ ಇಳಿದಿದ್ದಾರೆ. ಮೈಸೂರಿನ ಕುವೆಂಪುನಗರದಲ್ಲಿ ವಾಕಿಂಗ್ ಹೊರಟವರಿಗೆ ಆ ಬಾನೆಟ್ಟೇ ಜಗಲಿ. ನಿಂತವರಿಗೆಲ್ಲ ಉಪದೇಶ ಪುಕ್ಕಟೆ. ಎದುರುಮನೆಯವರು ಬಿಎಸ್-6 ಡೀಸೆಲ್ ಕಾರು ತಂದಾಗ ಗೇಟಿನಲ್ಲೇ ಹಿಡಿದು ನಿಲ್ಲಿಸಿದ್ದರು: ‘ಇದರಲ್ಲಿ ಡಿಪಿಎಫ್ ಅಂತ ಇದೆ ಸ್ವಾಮಿ. ಹೊಗೆಯೊಳಗಿನ ಮಸಿ ಹಿಡಿದಿಟ್ಟು, ಸುಮಾರು 600 ಡಿಗ್ರಿ ಶಾಖದಲ್ಲಿ ಸುಟ್ಟುಹಾಕುತ್ತೆ. ಊರೊಳಗೇ ಸುತ್ತಿದರೆ ಅಷ್ಟು ಕಾಯೋದಿಲ್ಲ. ಆಗಾಗ ಹೈವೇಗೆ ಬಿಡಬೇಕು.’

ಎದುರುಮನೆಯವರು ಆಗಾಗ ಬಿಡುತ್ತಾರೆ. ನಮ್ಮ ಭಾವನ ಕಾರು ಹನ್ನೊಂದು ವರ್ಷದಲ್ಲಿ ಓಡಿರುವುದು 31,000 ಕಿಲೋಮೀಟರ್. ಮಂಗಳವಾರ, ಶನಿವಾರ ದೇವರಾಜ ಮಾರುಕಟ್ಟೆಗೆ ಹೋಗಿ ಸೊಪ್ಪು ತರುವುದು ಅದರ ಉದ್ಯೋಗ. ಚನ್ನಪಟ್ಟಣದಲ್ಲಿರುವ ನಮ್ಮಮ್ಮನನ್ನು ನೋಡಲು ಅಕ್ಕ, ಭಾವ ರೈಲಿನಲ್ಲಿ ಹೋಗುತ್ತಾರೆ. ‘ಓಡಿಸಿದರೆ ಸವೆಯುತ್ತೆ’ ಎಂಬುದು ಭಾವನ ಸಿದ್ಧಾಂತ. ‘ಗಣಂಗೂರಲ್ಲಿ ಟೋಲ್ ಬೇರೆ’ ಎಂಬುದು ಅದರ ಉಪಸಿದ್ಧಾಂತ.

ಮೊನ್ನೆ ಭಾನುವಾರದ ಶಸ್ತ್ರಚಿಕಿತ್ಸೆ ಗಾಳಿ ಎಳೆಯುವ ದಾರಿಗೆ. ಪಿಕಪ್ ಇಲ್ಲ, ಆಕ್ಸಿಲರೇಟರ್ ಒತ್ತಿದರೆ ಹಿಂದೆ ಕರೀ ಹೊಗೆ. ನನ್ನ ಕೆಲಸ ಟಾರ್ಚು ಹಿಡಿಯುವುದು. ಬೆಳಕು ಭಾವನ ಕಣ್ಣು ಹೋದಲ್ಲಿಗೆ ಹೋಗಬೇಕು, ಆದರೆ ಅವರ ಕಣ್ಣು ಎತ್ತ ಹೋಗಿದೆ ಎಂದು ನೋಡಿದರೆ ಬೆಳಕು ಜರುಗುತ್ತದೆ. ‘ಅಲ್ಲಲ್ಲಯ್ಯಾ, ಇಲ್ಲಿ!’ ಎಂದು ಹನ್ನೆರಡು ಸಲ ಬೈಸಿಕೊಂಡೆ. ಅಷ್ಟರಲ್ಲಿ 10 ನಂಬರ್ ಸ್ಪ್ಯಾನರ್ ಕಾಣೆ. ಅದಿಲ್ಲದೆ ಕಾರಿನಲ್ಲಿ ಯಾವುದೂ ಬಿಚ್ಚುವುದಿಲ್ಲ, ಅದಿದ್ದ ಜಾಗದಲ್ಲಿ ಅದು ಎಂದೂ ಇರುವುದಿಲ್ಲ. ಕೊನೆಗೆ ಭಾವನ ಲುಂಗಿಯ ಮಡಿಕೆಯಲ್ಲೇ ಸಿಕ್ಕಿತು. ಬೈಗುಳ ಮಾತ್ರ ನನಗೇ ಬಿತ್ತು.

ಪೈಪು ಕಳಚಿದೆವು. ಒಳಗೆ ಹಳ್ಳಿಮನೆ ಅಡುಗೆಕೋಣೆಯ ಅಟ್ಟದಂತೆ ಮಸಿ ಕಟ್ಟಿತ್ತು. ಬೆರಳಿಟ್ಟರೆ ಕಾಡಿಗೆಯಂತೆ ಅಂಟಿತು. ಹೆಬ್ಬೆರಳಿನಷ್ಟು ಅಗಲದ ದಾರಿಯಲ್ಲಿ ಕಿರುಬೆರಳು ತೂರುವಷ್ಟೇ ಜಾಗ ಉಳಿದಿತ್ತು.

‘ಇದೆಲ್ಲ ಹೇಗೆ ಬಂತು ಭಾವ?’

ಕೇಳಬಾರದಿತ್ತು. ಭಾವ ಸೊಂಟ ನೆಟ್ಟಗೆ ಮಾಡಿಕೊಂಡರು. ‘ಇಜಿಆರ್ ಕಣಯ್ಯಾ. ಎಂಜಿನ್ ಒಳಗೆ ಶಾಖ ವಿಪರೀತ ಆದರೆ ನೈಟ್ರೋಜನ್ ಆಕ್ಸೈಡ್ ಅಂತ ಕೆಟ್ಟ ಅನಿಲ ಹುಟ್ಟುತ್ತೆ. ಶಾಖ ತಗ್ಗಿಸೋಕೆ ಸೈಲೆನ್ಸರ್ ಕಡೆ ಹೊರಟ ಹೊಗೇನಲ್ಲಿ ಒಂದು ಪಾಲು ವಾಪಸ್ ತಂದು ಉಸಿರಿಗೆ ಬೆರೆಸ್ತಾರೆ. ತಾನು ಬಿಟ್ಟಿದ್ದನ್ನ ತಾನೇ ಕುಡೀಬೇಕು. ಎಂಜಲು! ಆ ಕಡೆಯಿಂದ ಆಯಿಲ್ ಆವಿನೂ ಇದೇ ದಾರೀಲಿ ಬರುತ್ತೆ. ಎಣ್ಣೆ, ಮಸಿ ಎರಡೂ ಕೂಡಿದರೆ ಇನ್ನೇನಾಗುತ್ತೆ? ಇದೇ ಆಗೋದು.’ ಜೋರಾಗಿ ಆಕ್ಸಿಲರೇಟರ್ ಒತ್ತಿದಾಗ ಆ ವಾಲ್ವು ಮುಚ್ಚಿಕೊಳ್ಳುತ್ತದಂತೆ. ನಿಧಾನಕ್ಕೆ ತೆವಳುವ ಗಾಡಿಗೇ ಎಂಜಲು ಹೆಚ್ಚಂತೆ. ಇಷ್ಟನ್ನೂ ಸ್ಪಷ್ಟವಾಗಿ ಹೇಳಿದವರು, ಹೇಳಿದ್ದು ತಮ್ಮ ಗಾಡಿಯ ಜಾತಕವೇ ಎಂಬುದನ್ನು ಗಮನಿಸಲಿಲ್ಲ.

ಗಾಳಿ ಅಳೆಯುವ ಸೆನ್ಸರು ಬಲು ಸೂಕ್ಷ್ಮ. ಅದಕ್ಕೆ ಕಾರ್ಬ್ ಕ್ಲೀನರ್ ಸೋಕಬಾರದೆಂದು ಬಿಚ್ಚಿ, ಬಿಳಿ ಬಟ್ಟೆಯಲ್ಲಿ ಸುತ್ತಿ, ದೇವರಮನೆಯ ಹೊಸಿಲ ಪಕ್ಕ ಇಟ್ಟರು. ಆಮೇಲೆ ಎರಡು ಗಂಟೆ ಹೊಡೆದದ್ದು, ಕೆರೆದದ್ದು, ಒರೆಸಿದ್ದು. ‘ರೀ, ನನ್ನ ಹಲ್ಲುಜ್ಜೋ ಬ್ರಷ್ ಎಲ್ಲಿ?’ ಎಂದು ಅಕ್ಕ ಒಳಗಿನಿಂದ ಕೂಗಿದಾಗ ನಾವಿಬ್ಬರೂ ಬಾನೆಟ್ಟಿನೊಳಗೆ ತಲೆ ಇನ್ನಷ್ಟು ಬಗ್ಗಿಸಿದೆವು.

ಎಲ್ಲ ಜೋಡಿಸಿ ಕೀಲಿ ತಿರುಗಿಸಿದರೆ ಎಂಜಿನ್ ದೀಪ ಹಳದಿಯಾಗಿ ಹತ್ತಿ, ಆರಲೇ ಇಲ್ಲ. ಪಿಕಪ್ಪು ಮೊದಲಿಗಿಂತ ಕಡೆ. ‘ಸುಮ್ಮನೆ ಒಂದು ಸಲ ನೋಡ್ಲಿ’ ಎಂದು ಮೂಲೆ ಗ್ಯಾರೇಜಿನ ಹುಡುಗನನ್ನು ಕರೆಸಿದರು. ಅವನು ಒಳಗೆ ಕೈ ಹಾಕಿ ಟಕ್ ಎನ್ನಿಸಿದ. ‘ಸಾರ್, ಸೆನ್ಸರ್ ಕೂರಿಸಿದೀರ. ಸಾಕೆಟ್ ಚುಚ್ಚಿಲ್ಲ.’

ಭಾವ ನನ್ನತ್ತ ನೋಡಿದರು. ಟಾರ್ಚು ಹಿಡಿದವನದೇ ತಪ್ಪು.

‘ಕ್ಲೀನಿಂಗ್ ಚೆನ್ನಾಗೇ ಮಾಡಿದೀರ ಸಾರ್. ಆದ್ರೆ ಗಾಡಿ ಎಷ್ಟು ಓಡಿಸ್ತೀರಾ?’

ಉತ್ತರ ಬಾಗಿಲಿನಿಂದ ಬಂತು. ‘ಸೊಪ್ಪಿನಂಗಡಿವರೆಗೂ’ ಎಂದಳು ಅಕ್ಕ.

ಹುಡುಗ ತಲೆ ಕೆರೆದುಕೊಂಡ. ‘ಹಂಗಾದ್ರೆ ಮತ್ತೆ ಕಟ್ಕೊಳುತ್ತೆ. ಕಟ್ಟಿರೋ ಮಸಿ ಹೈವೇಲಿ ಓಡಿಸಿದ್ರೆ ಉದುರಲ್ಲ, ನಿಜ. ಆದ್ರೆ ಹೊಸದು ಕಟ್ಟೋದು ಕಮ್ಮಿ ಆಗುತ್ತೆ. ಬೆಂಗಳೂರು ರೋಡಿಗೆ ಬಿಡಿ ಸಾರ್.’

ಭಾವ ‘ಟೋಲ್...’ ಎನ್ನುವಷ್ಟರಲ್ಲಿ ಅಕ್ಕ ಬ್ಯಾಗು ಸಮೇತ ಮುಂದಿನ ಸೀಟಿನಲ್ಲಿದ್ದಳು. ಬ್ರಷ್ಷಿನ ಸಾಲ ಭಾವನ ತಲೆಯ ಮೇಲಿದ್ದುದರಿಂದ ಮಾತು ಬೆಳೆಯಲಿಲ್ಲ.

ಗಣಂಗೂರಿನವರೆಗೆ ಮುಖ ಗಂಟಿಕ್ಕಿಕೊಂಡೇ ಓಡಿಸಿದರು. ಮಂಡ್ಯ ದಾಟಿದ ಮೇಲೆ ಗಾಡಿ ಎಷ್ಟು ಹಗುರವಾಗಿ ಹೋಯಿತೆಂದರೆ, ಭಾವ ಸೀಟಿಗೆ ಒರಗಿ ಹಳೇ ಚಿತ್ರಗೀತೆಯೊಂದನ್ನು ಗುನುಗಿಕೊಂಡರು. ಹನ್ನೊಂದು ವರ್ಷದ ಮೇಲೆ ಅದು ಐದನೇ ಗೇರಿನಲ್ಲಿ ನೆಮ್ಮದಿಯಾಗಿ ಕೂತಿತ್ತು. ಮಗಳು, ಅಳಿಯ ಕಾರಿನಲ್ಲಿ ಬಂದಿಳಿದದ್ದು ನೋಡಿ ಅಮ್ಮ ಗಾಬರಿಯಾಗಿ, ‘ರೈಲು ನಿಂತುಹೋಯ್ತೇನೋ?’ ಎಂದಳು.

ಭಾವ ಬದಲಾದರೆಂದು ನಾನೂ ನಂಬಿದ್ದೆ. ಮುಂದಿನ ಭಾನುವಾರ ಏಳೂವರೆಗೆ ಫೋನು.

‘ಏನಯ್ಯಾ, ಟಾರ್ಚು ತಗೊಂಡು ಬಾ. ಅಷ್ಟು ದೂರ ಓಡಿಸಿಬಿಟ್ವಲ್ಲ, ಒಳಗೆ ಏನೇನು ಸವೆದಿದೆಯೋ ನೋಡಬೇಕು.’