ಅಡಿಕೆಗೆ ಕೊಪ್ಪೆ, ಮನುಷ್ಯರಿಗೆ ಫಿನಾಯಿಲ್

ರೋಗ ಗಾಳಿಯಲ್ಲಿ ಬರುತ್ತದೆ ಎಂದು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕಡೆಯವರಿಗೆ ಪಾಠ ಹೇಳಲು ಹೊರಡುವುದು ಅಧಿಕಪ್ರಸಂಗ. ಮಳೆಹನಿ ಸಿಡಿದು, ಗಾಳಿ ಹೊತ್ತು, ಮಹಾಳಿ ಎಂಬ ಕೊಳೆರೋಗ ಒಂದು ಗೊನೆಯಿಂದ ಪಕ್ಕದ ಮರದ ಗೊನೆಗೆ ಹೇಗೆ ಹಾರುತ್ತದೆ ಎಂಬುದು ಇಲ್ಲಿನ ಅಡಿಕೆ ಕೃಷಿಕರಿಗೆ ಬಾಯಿಪಾಠ. ಪಕ್ಕದ ತೋಟದವ ಮದ್ದು ಬಿಡದಿದ್ದರೆ ತನ್ನ ತೋಟದ ಗತಿ ಏನೆಂಬುದೂ ಗೊತ್ತು. ಆ ರೋಗಾಣುವಿಗೆ ವಿಜ್ಞಾನಿಗಳು ಫೈಟೋಫ್ತೊರಾ ಎನ್ನುತ್ತಾರೆ. ಅದನ್ನು ಕಣ್ಣಾರೆ ಕಂಡವರು ಊರಿನಲ್ಲಿ ಇಲ್ಲ, ನಂಬದವರೂ ಇಲ್ಲ.

ಮದ್ದಿನ ಲೆಕ್ಕವೂ ಕರಾರುವಾಕ್ಕು. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಹದ ನೋಡಲು ಕತ್ತಿಯ ಅಲಗು ಅದ್ದಬೇಕು. ಕೆಂಪಗೆ ತಾಮ್ರ ಹಿಡಿದರೆ ಇನ್ನೊಂದಿಷ್ಟು ಸುಣ್ಣ. ಮಳೆ ಹಿಡಿಯುವ ಮೊದಲೇ ಒಂದು ಸಲ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಂದು ಸಲ. ಫ್ರಾನ್ಸಿನ ದ್ರಾಕ್ಷಿತೋಟಗಳಲ್ಲಿ 1880ರ ದಶಕದಲ್ಲಿ ಹುಟ್ಟಿದ ಬೋರ್ಡೋ ದ್ರಾವಣ ಇದು. ಮೈಸೂರು ಸರ್ಕಾರದ ಸೇವೆಯಲ್ಲಿದ್ದ ಕೆನಡಾದ ಲೆಸ್ಲಿ ಕೋಲ್ಮನ್ 1910ರಲ್ಲೇ ಅಡಿಕೆಯ ಕೊಳೆರೋಗದ ಮೇಲೆ ಪುಸ್ತಿಕೆ ಬರೆದರು. ನಮಗಂತೂ ಬಂಟ್ವಾಳ ತಾಲೂಕಿನ ವಿಟ್ಲದಲ್ಲೇ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಇದೆ. ಮದ್ದು ಸಾಲದು ಎನಿಸಿದರೆ ಗೊನೆಗೇ ಪ್ಲಾಸ್ಟಿಕ್ ಕೊಪ್ಪೆ. ಅಂದರೆ ಮಾಸ್ಕು. ಅಡಿಕೆ ಮರ ಅದನ್ನು ಗಲ್ಲಕ್ಕೆ ಇಳಿಸಿಕೊಳ್ಳುವುದಿಲ್ಲ ಎಂಬುದೊಂದು ಅನುಕೂಲ.

ಇಷ್ಟೆಲ್ಲ ತಿಳಿದ ಊರು ಮನುಷ್ಯನ ಉಸಿರಿನ ವಿಷಯಕ್ಕೆ ಬಂದಾಗ ಮಾಡಿದ್ದೇನು?

2020ರ ಏಪ್ರಿಲ್ ನೆನಪಿಸಿಕೊಳ್ಳಿ. ಬಂಟ್ವಾಳ ಪೇಟೆಗೆ ಸೀಲ್‌ಡೌನ್. ಕೊರೊನಾದಿಂದ ತೀರಿಕೊಂಡ ಇಲ್ಲಿನ ಒಬ್ಬ ವೃದ್ಧೆಯ ಚಿತೆಗೆ ಮಂಗಳೂರಿನ ಪಚ್ಚನಾಡಿಯಲ್ಲಿ ಜಾಗ ಸಿಗಲಿಲ್ಲ. ಜನ ಸೇರಿ ತಡೆದರು. ಕೊನೆಗೆ ಬಿ.ಸಿ. ರೋಡಿನ ಕೈಕುಂಜೆಯಲ್ಲಿ, ಅಲ್ಲಿಯೂ ವಿರೋಧದ ನಡುವೆ, ಪೊಲೀಸ್ ಕಾವಲಿನಲ್ಲಿ ರಾತ್ರಿ ಸಂಸ್ಕಾರ ಮುಗಿಯಿತು. ಭಯ ಏನೆಂದರೆ, ಹೊಗೆಯಲ್ಲಿ ವೈರಸ್ ಬರುತ್ತದಂತೆ! 70 ಡಿಗ್ರಿ ಶಾಖದಲ್ಲಿ ಐದೇ ನಿಮಿಷಕ್ಕೆ ಸಾಯುವ ವೈರಸ್ಸು ಚಿತೆಯ ಬೆಂಕಿಯಲ್ಲಿ ಬದುಕಿ, ಹೊಗೆ ಹತ್ತಿ, ಕಾಂಪೌಂಡು ದಾಟಿ, ವಿಳಾಸ ಹುಡುಕಿಕೊಂಡು ಮನೆಗೆ ಬರುತ್ತದೆ. ಹೀಗೆಂದು ಒಬ್ಬರಿಗೊಬ್ಬರು ಮೊಳ ದೂರದಲ್ಲಿ ನಿಂತು, ಗಂಟಲು ಹರಿಯುವಂತೆ ಕೂಗಿ ಹೇಳಿದರು. ಉಸಿರಾಡದ ಹೆಣದಿಂದ ಹರಡದ್ದು ಉಸಿರು ಕಟ್ಟಿ ಕೂಗುವ ಗುಂಪಿನಿಂದ ಹರಡುತ್ತದೆ ಎಂದು ಅಲ್ಲಿ ಯಾರೂ ಕೂಗಲಿಲ್ಲ.

ನಮ್ಮವರನ್ನೇ ಬೈದರೆ ಅನ್ಯಾಯವಾದೀತು. 2020ರ ಮಾರ್ಚ್ 28ರಂದು ವಿಶ್ವ ಆರೋಗ್ಯ ಸಂಸ್ಥೆಯೇ, ಕೊರೊನಾ ಗಾಳಿಯಲ್ಲಿ ಹರಡುವ ರೋಗ ಅಲ್ಲ ಎಂದು ಜಗತ್ತಿಗೆ ಸಾರಿತ್ತು. ಗಾಳಿಯಲ್ಲಿ ತೇಲುವ ಸಣ್ಣ ಕಣಗಳಿಂದಲೂ ಬರುತ್ತದೆ ಎಂದು ಮುಚ್ಚುಮರೆಯಿಲ್ಲದೆ ಒಪ್ಪಲು ಅದಕ್ಕೆ 2021 ಬರಬೇಕಾಯಿತು. ಅಷ್ಟರಲ್ಲಿ ನಾವು ರಸ್ತೆಗೆ ಹೈಪೋಕ್ಲೋರೈಟ್ ಸಿಂಪಡಿಸಿ, ಡಾಂಬರಿಗೆ ರೋಗ ಬಾರದಂತೆ ನೋಡಿಕೊಂಡಿದ್ದೆವು. ಜನರ ಮೈಮೇಲೆ ಸಿಂಪಡಿಸಬೇಡಿ ಎಂದು ಕೇಂದ್ರ ಆರೋಗ್ಯ ಸಚಿವಾಲಯ ಬುದ್ಧಿ ಹೇಳಬೇಕಾಗಿ ಬಂತು. ಮಹಾಳಿಗೆ ಮದ್ದು ಬಿಡುವಾಗ ಯಾರೂ ತೋಟದ ದಾರಿಗೆ ಬಿಡುವುದಿಲ್ಲವಲ್ಲ, ಗೊನೆಗೇ ಬಿಡುತ್ತಾರೆ. ಈ ಸಾಮಾನ್ಯಜ್ಞಾನವನ್ನು ಒಬ್ಬ ಮದ್ದು ಬಿಡುವವನಿಂದ ಕಲಿತಿದ್ದರೂ ಸಾಕಿತ್ತು.

ಈಗ ಅದೆಲ್ಲ ಮುಗಿದ ಕತೆ ಎನ್ನುತ್ತೀರಿ. ಹಾಗಾದರೆ ಮುಂದಿನ ಮುಹೂರ್ತಕ್ಕೆ ಯಾವುದಾದರೂ ಹೊಸ ಸಭಾಭವನಕ್ಕೆ ಬನ್ನಿ. ಎಲ್ಲ ಕಡೆ ಗಾಜು. ತೆರೆಯಲು ಬರುವ ಕಿಟಕಿ ಒಂದೂ ಇಲ್ಲ. ಸೆಖೆಯ ಮಾತೆತ್ತಿದರೆ, "ಎಸಿ ಉಂಟಲ್ಲ ಮಾರಾಯ್ರೆ, ಒಳ್ಳೆ ಗಾಳಿ ಬರ್ತದೆ" ಎಂಬ ಉತ್ತರ. ಗಾಳಿ ಎಲ್ಲಿಂದ ಬರುತ್ತದೆ ಸ್ವಾಮಿ? ಗೋಡೆಗೆ ತೂಗಿದ ಎಸಿ ಒಳಗಿನ ಗಾಳಿಯನ್ನೇ ಎಳೆದು, ತಂಪು ಮಾಡಿ, ಒಳಗೇ ಬಿಡುತ್ತದೆ. ವರನ ಕಡೆಯವರ ಕೆಮ್ಮು ತಣ್ಣಗಾಗಿ ವಧುವಿನ ಕಡೆಯವರಿಗೆ ಸೇರುತ್ತದೆ. ಬೀಗತನ ಗಟ್ಟಿಯಾಗಲು ಇನ್ನೇನು ಬೇಕು. ಇಂಗಾಲದ ಡೈಆಕ್ಸೈಡ್ ಅಳೆಯುವ ಪುಟ್ಟ ಯಂತ್ರ ಇಟ್ಟು ನೋಡಬಹುದು. ಹೊರಗೆ ಹತ್ತು ಲಕ್ಷಕ್ಕೆ ಸುಮಾರು 420 ಪಾಲು ಇರುವುದು ಮುಚ್ಚಿದ, ಜನ ತುಂಬಿದ ಕೋಣೆಯಲ್ಲಿ ಸಲೀಸಾಗಿ ಸಾವಿರ ದಾಟುತ್ತದೆ. ಅದು ಹೆಚ್ಚಿದಷ್ಟೂ ನಾವು ಸೇದುತ್ತಿರುವುದು ಇನ್ನೊಬ್ಬರು ಬಿಟ್ಟ ಉಸಿರು ಎಂದರ್ಥ. ಎಂಜಲು ಲೋಟ ಕಂಡರೆ ಮುಖ ಸಿಂಡರಿಸುವವರು ಈ ಎಂಜಲನ್ನು ಕಂತು ಕಂತಾಗಿ ಸ್ವೀಕರಿಸುತ್ತೇವೆ. ನೆಲಕ್ಕೆ ಮಾತ್ರ ಫಿನಾಯಿಲ್ ಘಮಘಮ. ನೆಲವನ್ನು ಯಾರೂ ಮೂಗಿನಿಂದ ಎಳೆದುಕೊಳ್ಳುವುದಿಲ್ಲ ಎಂದರೆ ಕೇಳುವವರಿಲ್ಲ.

ಗಾಳಿಯಾಡುವ ಕಟ್ಟಡ ನೋಡಲು ಮೂಡುಬಿದಿರೆಯವರಂತೂ ದೂರ ಹೋಗಬೇಕಿಲ್ಲ. 1430ರ ಸಾವಿರ ಕಂಬದ ಬಸದಿಯ ಮಂಟಪದಲ್ಲಿ ನಿಂತರೆ ಗೋಡೆಗಿಂತ ಕಂಬವೇ ಹೆಚ್ಚು. ಮಳೆ ತಡೆಯಲು ಇಳಿಜಾರು ಮಾಡು, ಗಾಳಿಗೆ ಮಾತ್ರ ಅಡ್ಡಿಯಿಲ್ಲ. ನಮ್ಮ ಹಳೆಯ ಹೆಂಚಿನ ಮನೆಗಳಲ್ಲೂ ಜಗಲಿ, ಮರದ ಅಳಿಗಳು, ಹೆಂಚಿನ ಸಂದಿ. ಅವನ್ನು ಕೆಡವಿ ತಾರಸಿ ಹಾಕಿದೆವು, ಕಿಟಕಿಗೆ ಗಾಜು ಜಡಿದೆವು, ಆಮೇಲೆ ಮಳೆಗಾಲದಲ್ಲಿ ಗೋಡೆಗೆ ಬೂಷ್ಟು ಯಾಕೆ ಬರುತ್ತದೆ ಎಂದು ಪೈಂಟಿನ ಅಂಗಡಿಯವನನ್ನು ಕೇಳಿದೆವು. ಪೆರು ದೇಶದ ಲಿಮಾದ ಆಸ್ಪತ್ರೆಗಳನ್ನು ಅಳೆದು 2007ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಎತ್ತರದ ಮಾಡು, ದೊಡ್ಡ ಕಿಟಕಿಗಳಿದ್ದ 50 ವರ್ಷಕ್ಕೂ ಹಳೆಯ ಕಟ್ಟಡಗಳಲ್ಲಿ, ಕಿಟಕಿ ತೆರೆದಿಟ್ಟಾಗ, ಗಾಳಿ ಗಂಟೆಗೆ ಸುಮಾರು 40 ಸಲ ಬದಲಾಗುತ್ತಿತ್ತು. ಹೊಸ ಕಟ್ಟಡಗಳಲ್ಲಿ 17 ಸಲ. ಯಂತ್ರದಿಂದ ಗಾಳಿ ಹೊರಹಾಕುವ ಕೋಣೆಗಳಲ್ಲಿ 12. ಕ್ಷಯರೋಗ ತಡೆಯಲು ಕಿಟಕಿಯೇ ಮೇಲು ಎಂಬುದು ಆ ಲೆಕ್ಕದ ತಾತ್ಪರ್ಯ.

ಕ್ಷಯ ಎಂದಾಗ ನೆನಪಾಯಿತು. 2025ಕ್ಕೆ ಕ್ಷಯಮುಕ್ತ ಭಾರತ ಎಂದು 2018ರಲ್ಲಿ ಘೋಷಿಸಿದೆವು. ಘೋಷಣೆ ಗೋಡೆಯ ಮೇಲಿದೆ, ಕ್ಷಯ ಗೋಡೆಯ ಒಳಗಿದೆ. ಜಗತ್ತಿನ ಕ್ಷಯರೋಗಿಗಳಲ್ಲಿ ನಾಲ್ಕರಲ್ಲೊಬ್ಬರು ಈಗಲೂ ನಮ್ಮವರೇ. ಅದು ಫೋಟೋಕ್ಕೆ ಹಿಡಿಯುವ ಬ್ಯಾನರಿನಿಂದ ಹರಡುವುದಿಲ್ಲ. ಬ್ಯಾನರ್ ಕಟ್ಟಿದ, ಕಿಟಕಿ ಮುಚ್ಚಿದ ಕೋಣೆಯಲ್ಲಿ ಹರಡುತ್ತದೆ.

ಕಿಟಕಿ ತೆರೆದರೆ ಸೊಳ್ಳೆ ಬರುತ್ತದೆ ಎನ್ನುವವರಿದ್ದಾರೆ. ನಿಜ, ಮಲೇರಿಯಾ, ಡೆಂಗಿ ಈ ಜಿಲ್ಲೆಗೆ ಹೊಸ ನೆಂಟರಲ್ಲ. ಅದಕ್ಕೇ ಬಲೆ ಎಂಬುದೊಂದಿದೆ. ಸೊಳ್ಳೆಯನ್ನು ಹೊರಗಿಟ್ಟು ಗಾಳಿಯನ್ನು ಒಳಬಿಡುವಷ್ಟು ವಿವೇಕ ಅದಕ್ಕುಂಟು. ಇನ್ನು ತುಳುವರ ಆಟಿ ತಿಂಗಳಲ್ಲಿ ಕಳಂಜ ಎಂಬ ಜನಪದ ವೇಷದವನು ಮನೆಮನೆಗೆ ಬಂದು ಊರಿನ ಮಾರಿ ಕಳೆಯುತ್ತಾನೆ. ಅವನೂ ಕುಣಿಯುವುದು ಅಂಗಳದಲ್ಲಿ, ಎಸಿ ಹಾಲಿನಲ್ಲಲ್ಲ.

ಹಾಲ್ ಬುಕ್ ಮಾಡಲು ಹೋದಾಗ ಎಷ್ಟು ಜನ ಕೂರಬಹುದು, ಪಾರ್ಕಿಂಗ್ ಉಂಟೇ, ಜನರೇಟರ್ ಉಂಟೇ ಎಂದು ಹೇಗೂ ಕೇಳುತ್ತೀರಿ. ಕಿಟಕಿ ತೆರೆಯುತ್ತದೆಯೇ ಎಂದೂ ಕೇಳಿ. ಇಲ್ಲ ಎಂದರೆ ಅಡ್ವಾನ್ಸ್ ಕೊಡಬೇಡಿ.